ನೂರಕ್ಕೊಂದು ಬೇಸೋಫಿಲ್

ಕೇಳಿದ ಬೆಲೆಯನ್ನು ಹಾಗೇ ಕೊಟ್ಟುಬರುವವರನ್ನು ಕಂಡರೆ ನನಗೆ ಅಯ್ಯೋ ಪಾಪ ಅನ್ನಿಸುತ್ತದೆ. ನಿಮಗೂ ಹೇಳಿರುತ್ತೇನೆ: ಅಂಗಡಿಯಲ್ಲಿ ಮೊದಲು ಒಂದು ಹಿಡಿ ರುಚಿ ನೋಡಿ, ಆಮೇಲೆ ಚೌಕಾಸಿಗೆ ಇಳಿಯಿರಿ. ಅಂತರಸನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಬೇರೆಯವರ ಲೇತ್ ಮಿಷನ್ ಒರೆಸಿ, ಕೊನೆಗೆ ಸ್ವಂತ ವರ್ಕ್‌ಶಾಪ್ ಇಟ್ಟವನ ಮಾತಿದು. ಇದೇ ಚೌಕಾಸಿಯಿಂದ ಮಗಳು ಕಾವ್ಯಳಿಗೆ ಬಂದಿದ್ದ ಗುಬ್ಬಿಯ ಸಂಬಂಧ ಮುರಿದುಬಿತ್ತು ಎನ್ನುವುದು ಬೇರೆ ವಿಷಯ.

ಈಗ ಕುಣಿಗಲ್ ಕಡೆಯ ಸಂಬಂಧ ಕೂಡಿಬಂದಿತ್ತು. ಮಾತುಕತೆಗೆ ಹೊರಡುವ ಹಿಂದಿನ ದಿನ ಬೀಗರಿಗೆಂದು ಗೋಡಂಬಿ ತರಲು ಹೋದೆ. ಮೂರು ಅಂಗಡಿ, ಮೂರು ಹಿಡಿ ರುಚಿ. ನಮ್ಮ ಮನೆಗೆ ಗೋಡಂಬಿ ಬರುತ್ತಿದ್ದುದೇ ಹಬ್ಬದ ಪಾಯಸಕ್ಕೆ, ಅದೂ ಎಣಿಸಿ ನಾಲ್ಕು, ನಾಲ್ಕೂ ಮಗಳ ಪಾಲು. ಹಾಗಾಗಿ ಅದು ನನಗೆ ಒಗ್ಗುವುದಿಲ್ಲವೆಂದು ಇಷ್ಟು ವರ್ಷ ಗೊತ್ತೇ ಆಗಿರಲಿಲ್ಲ. ಮನೆ ಸೇರುವಷ್ಟರಲ್ಲಿ ಮೈಯೆಲ್ಲ ದದ್ದು, ತುಟಿ ಊದಿ ಬನ್ನು.

"ಗುಬ್ಬಿ ಸಂಬಂಧಾನ ಮಾತಾಡಿ ಕಳೆದ್ರಿ, ಇದನ್ನ ಮುಖ ತೋರ್ಸಿ ಕಳೀಬೇಡ್ರೀ!" ಎನ್ನುತ್ತಾ ಹೆಂಡತಿ ಗಿರಿಜೆ ಡಾಕ್ಟರ ಬಳಿಗೆ ಎಳೆದೊಯ್ದಳು.

ಇಂಜೆಕ್ಷನ್ ಆಯಿತು, ರಕ್ತಪರೀಕ್ಷೆಯೂ ಆಯಿತು. ರಿಪೋರ್ಟಿನಲ್ಲಿ ಬಿಳಿ ರಕ್ತಕಣಗಳ ಜಾತಿವಾರು ಪಟ್ಟಿ. ಒಂದು ಜಾತಿ ಅರವತ್ತು, ಇನ್ನೊಂದು ಮೂವತ್ತು, ತೀರಾ ಕೆಳಗೆ ಬೇಸೋಫಿಲ್: ಒಂದು.

"ನೂರಕ್ಕೆ ಒಂದೇನಾ ಡಾಕ್ಟ್ರೇ? ಇನ್ನೊಂದೆರಡು ಸೇರ್ಸಿಕೊಡಿ, ಹಳೇ ಗಿರಾಕಿ" ಎಂದೆ, ತುಟಿ ಸಹಕರಿಸಿದಷ್ಟು.

"ನಾರ್ಮಲ್ಲೇ ಅಷ್ಟು ಕಣ್ರೀ" ಎಂದು ಡಾಕ್ಟರು ನಕ್ಕರು. "ಅದು ವಾಚ್‌ಮನ್ ಇದ್ದಂಗೆ. ಹುಳ, ಜಂತು ಒಳಗೆ ನುಗ್ಗಿದ್ರೆ ಹಿಸ್ಟಮಿನ್ ಅನ್ನೋದನ್ನ ಚೆಲ್ಲಿ ರಕ್ತನಾಳ ಅಗಲ ಮಾಡುತ್ತೆ, ಮಿಕ್ಕ ಕಣಗಳು ಓಡಿ ಬರ್ಲಿ ಅಂತ. ನಿಮ್ಮ ಮೈಯಲ್ಲಿ ಪಾಪದ ಗೋಡಂಬೀನೇ ಕಳ್ಳ ಅಂದ್ಕೊಂಡಿದೆ. ಚರ್ಮದೊಳಗಿರೋ ದಾಯಾದಿ ಕಣಗಳನ್ನೂ ಸೇರಿಸ್ಕೊಂಡು ರಂಪ ಎಬ್ಸಿದೆ. ಇನ್ನೆರಡು ಬೇಕಾ?"

ಜೀವಮಾನದಲ್ಲಿ ಮೊದಲ ಸಲ, ಕೊಸರು ಬೇಡವೆಂದೆ.

ಮರುದಿನ ನಾವು ಮೂವರೂ ಕುಣಿಗಲ್ ತಲುಪಿದಾಗಲೂ ಊತ ಪೂರ್ತಿ ಇಳಿದಿರಲಿಲ್ಲ. ಛತ್ರದ ಖರ್ಚು ಅರ್ಧರ್ಧ ಮಾಡಿಸಲು ವಾರದಿಂದ ತಯಾರಿಸಿದ್ದ ವಾದವೆಲ್ಲ ದಪ್ಪ ತುಟಿಯ ಹಿಂದೆಯೇ ಉಳಿಯಿತು. ಗಿರಿಜೆ ಮಾತಾಡಿದಳು, ನಾನು ತಲೆಯಾಡಿಸಿದೆ. ಹುಡುಗನ ತಂದೆ ನನ್ನನ್ನೇ ನೋಡಿ, "ಯಜಮಾನ್ರು ಬಲು ಗಂಭೀರ. ಛತ್ರದ ಖರ್ಚಲ್ಲಿ ಅರ್ಧ ನಮ್ದೇ ಇರ್ಲಿ ಬುಡಿ, ನೀವೊಬ್ರೇ ಯಾಕೆ ಹೊರ್ತೀರಾ?" ಎಂದು ಎದ್ದು ತಾಂಬೂಲ ಕೊಟ್ಟರು.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಿಂದ ಕಾವ್ಯ ಕೇಳಿದಳು: "ಅಮ್ಮಾ, ಗುಬ್ಬಿಯವ್ರು ಬಂದಾಗ್ಲೂ ಅಪ್ಪಂಗೆ ಗೋಡಂಬಿ ಕೊಡ್ಬೇಕಿತ್ತು, ಅಲ್ವಾ?"

ಗುಬ್ಬಿಯವರೂ ಕಳ್ಳರೇನಾಗಿರಲಿಲ್ಲ. ರಕ್ತದಲ್ಲಿ ಬೇಸೋಫಿಲ್ ನೂರಕ್ಕೊಂದು. ನಮ್ಮ ಮನೆಯಲ್ಲಿ ಮೂರಕ್ಕೊಂದು. ಅದೂ ಯಜಮಾನನೇ.