ಸಿದ್ದವ್ವನ ಹಾಲು ಕುಡಿದವನು

ಗುಂಡ್ಲುಪೇಟೆಯ ಈರುಳ್ಳಿ ಮಂಡಿ ಶಾಂತಮಲ್ಲಪ್ಪನಿಗೆ ಬೆಳಿಗ್ಗೆ ಜಗಲಿಯ ಮೇಲೆ ಕೂತು ಪೇಪರನ್ನು ಬೀದಿಗೆಲ್ಲ ಕೇಳುವಂತೆ ಓದುವ ಚಪಲ. ಆವತ್ತು ಸಿಕ್ಕಿದ್ದು ಇಲಿಗಳ ಸುದ್ದಿ. ಎದೆಯ ಕ್ಯಾನ್ಸರ್ ಬಂದ ತಾಯಿಲಿಯ ಹಾಲಿನಲ್ಲಿ ಕಣ್ಣಿಗೆ ಕಾಣದ ವಿಷಕ್ರಿಮಿ ಇರುತ್ತದಂತೆ. ಕುಡಿದ ಮರಿಗೂ ಮುಂದೆ ಅದೇ ರೋಗವಂತೆ. ಮನುಷ್ಯರ ವಿಷಯ ಇನ್ನೂ ಯಾರಿಗೂ ಗೊತ್ತಿಲ್ಲ ಎಂದೂ ಅಚ್ಚಾಗಿತ್ತು. ಅಷ್ಟು ಹೊತ್ತಿಗೆ ಕೇಳುವವರು ಎದ್ದು ಹೋಗಿದ್ದರು.

ಅದೇ ಬೀದಿಯ ಪುಟ್ಟಸಿದ್ದಮ್ಮನ, ಎಲ್ಲರ ಬಾಯಲ್ಲಿ ಸಿದ್ದವ್ವನ, ಎದೆಯಲ್ಲಿ ಗಂಟಿದೆ, ಮೈಸೂರಿಗೆ ಕರೆದುಕೊಂಡು ಹೋಗಿ ಎಂದು ಚಾಮರಾಜನಗರದ ಡಾಕ್ಟರು ಹೇಳಿ ವಾರವಾಗಿತ್ತು. ಮಂಡಿಯಲ್ಲಿ ತಕ್ಕಡಿ ಹಿಡಿಯುವ ಚಿಕ್ಕಬಸವಯ್ಯ, ಹೆತ್ತವ್ವ ಸತ್ತ ಮೇಲೆ, ಆ ಸಿದ್ದವ್ವನ ಮೊಲೆಹಾಲಿನಲ್ಲೇ ಬದುಕಿದವನು ಎಂಬ ಮಾತು ಊರಲ್ಲಿತ್ತು.

"ಇವತ್ತು ತಕ್ಕಡಿ ಮುಟ್ಬ್ಯಾಡ ಕಣ್ಲಾ," ಅಂದ ಶಾಂತಮಲ್ಲಪ್ಪ, ಮೆತ್ತಗೆ.

"ನಂಗೇನಾಗ್ಯದೆ ಸಾವ್ಕಾರ್ರೆ?"

"ಏನೂ ಆಗಿಲ್ಲ. ಆಮ್ಯಾಕೆ ಆಯ್ತದೆ."

ಚಿಕ್ಕಬಸವಯ್ಯ ಕ್ಷೌರಕ್ಕೆ ಹೋಗಿ ಕೂತ. ಅರ್ಧ ಗಡ್ಡ ಬೋಳಿಸುವಷ್ಟರಲ್ಲಿ ಸುದ್ದಿ ಅಲ್ಲಿಗೂ ತಲುಪಿತು. ಕ್ಷೌರದವನು ಕತ್ತಿ ತೊಳೆದಿಟ್ಟ. ಚಿಕ್ಕಬಸವಯ್ಯ ತನ್ನ ತಿಥಿಯೂಟಕ್ಕೆ ತಾನೇ ಬಂದವನಂತೆ ಬೀದಿಯಲ್ಲಿ ನಡೆದ. ಸುಡು ಮಧ್ಯಾಹ್ನ. ಅವನು ಹತ್ತಿರ ಬಂದಂತೆ ಬಾಗಿಲುಗಳು ಸದ್ದಿಲ್ಲದೆ ಮುಚ್ಚಿಕೊಂಡವು. ಒಂದು ನಾಯಿಯೂ ಬೊಗಳಲಿಲ್ಲ. ಅಂಗಿಯೊಳಗೆ, ಎದೆಯ ಮೇಲೆ, ಸಣ್ಣಗೆ ಏನೋ ಹರಿದಾಡಿತು. ಕೈಹಾಕಿ ತೆಗೆದರೆ ಅವನದೇ ಗಡ್ಡದ ಕೂದಲು.

ಮುಸ್ಸಂಜೆಗೆ ಸಿದ್ದವ್ವನ ಮನೆಗೆ ಬಂದ. ಬೀದಿಯವರೆಲ್ಲ ದೂರದಿಂದ ಹಿಂಬಾಲಿಸಿದರು. ದೀಪ ಹಚ್ಚದ ಮನೆಯೊಳಗಿನಿಂದ ಅವಳ ದನಿ ಬಂತು.

"ಬತ್ತೀಯ ಅಂತ ಗೊತ್ತಿತ್ತು ಕಣ ಮಗ."

"ಅವ್ವಾ, ನಾನು ನಿನ್ ಹಾಲು ಕುಡ್ದಿದ್ದು ದಿಟವಾ?"

ಸಿದ್ದವ್ವ ಹೊಸ್ತಿಲಿಗೆ ಬಂದು ಅವನ ಹಿಂದೆ ನಿಂತವರನ್ನು ನೋಡಿದಳು. "ನೀನೆಲ್ಲಿ ಕುಡ್ದೆ? ಬಾಯೇ ಹಾಕ್ನಿಲ್ಲ. ಮೇಕೆ ಹಾಲಲ್ಲಿ ಬೆಳ್ದೋನು. ಕುಡ್ದೋರು ಇವ್ರು. ಅವ್ವದೀರು ಹೊಲಕ್ಕೆ ಹೋದಾಗ ಈ ಶಾಂತಮಲ್ಲ, ಅವನಣ್ಣ, ಎದುರುಮನೆಯೋರು, ಎಲ್ರೂವೆ."

ಆ ಮಬ್ಬಿನಲ್ಲಿ ಒಂದೊಂದೇ ಕೈ ಮೆಲ್ಲಗೆ ಅವರವರ ಎದೆಗೆ ಹೋಯಿತು.

ಕಡೆಗೆ ಶಾಂತಮಲ್ಲಪ್ಪ ಗಂಟಲು ಸರಿಮಾಡಿಕೊಂಡ. "ಅಂಗಾರೆ ಸಿದ್ದವ್ವನ್ನ ಮೈಸೂರಾಸ್ಪತ್ರೆಗೆ ಕರ್ಕೊಂಡೋಗಕ್ಕೆ ನೀನೇ ಸರಿ ಕಣಪ್ಪ. ನಿನ್ನ ಮೈ ಸುದ್ದವಾಗಿ ಅದೆ."

ಅರ್ಧ ಗಡ್ಡದಲ್ಲೇ ಅವನನ್ನು ಸಿದ್ದವ್ವನ ಜೊತೆ ಮೈಸೂರಿನ ರಾತ್ರಿ ಬಸ್ಸಿಗೆ ಹತ್ತಿಸಿದರು. ಬೇಗೂರು ದಾಟಿದ ಮೇಲೆ ಸಿದ್ದವ್ವ ಅವನ ಕಿವಿಯ ಹತ್ತಿರ ಬಾಗಿದಳು.

"ಸುಳ್ಳೇಳ್ದೆ ಕಣ ಮಗ. ವಾರದಿಂದ ಒಬ್ರೂ ಜೊತೆಗೆ ಬರಕ್ಕೆ ಒಪ್ಪಿರ್ನಿಲ್ಲ. ಅವ್ರ್ಯಾರೂ ಒಂದು ಗುಟುಕು ಕುಡ್ದಿಲ್ಲ. ಕುಡ್ದೋನು ನೀನೊಬ್ನೇ. ಮೂರು ವರ್ಸ ಆದ್ರೂ ಬುಟ್ಟಿರ್ನಿಲ್ಲ."

ಬಸ್ಸು ನಿಲ್ಲಿಸಿ ಎಂದು ಕೂಗಲು ಚಿಕ್ಕಬಸವಯ್ಯ ಬಾಯಿ ತೆರೆದ. ಅಷ್ಟರಲ್ಲಿ ಅವಳು ಅವನ ಭುಜಕ್ಕೊರಗಿ ನಿದ್ದೆಹೋಗಿದ್ದಳು.