ಪಿಟೀಲಿನ ಕೂಲಿ

ನಮ್ಮ ಮನೆಯ ಊಟದ ಮೇಜಿನ ಮೇಲೆ ಊಟವೊಂದನ್ನು ಬಿಟ್ಟು ಮಿಕ್ಕೆಲ್ಲ ಇರುತ್ತದೆ. ಸೊಂಟ ಮುರಿದ ಗಿಟಾರು, ಹೊಟ್ಟೆ ಬಿರಿದ ಪಿಟೀಲು, ಅಂಟಿನ ಡಬ್ಬಿ. ನನ್ನ ಹೆಂಡತಿಗೆ ಕಂಡವರ ವಾದ್ಯಗಳನ್ನು ಪುಕ್ಕಟೆ ರಿಪೇರಿ ಮಾಡುವ ಹುಚ್ಚು. ಹಗಲು ಹಲ್ಲಿನ ಡಾಕ್ಟರ ಸಹಾಯಕಿ. ಸಂಜೆ ಪಿಟೀಲುಗಳ ರಾಜವೈದ್ಯೆ. (ತಟ್ಟೆ ಹಿಡಿದು ಕಿಟಕಿಯ ಬಳಿ ನಿಂತು ಉಣ್ಣುವವನು ನಾನು.)

"ದುಡ್ಡು ಇಸ್ಕೊಳ್ಳೋಕೆ ಏನು ಧಾಡಿ ನಿನಗೆ?"

"ನಾನೇನು ಕಲಿತು ಬಂದವಳಾ? ಕೈ ಸುಮ್ಮನಿರಲ್ಲ, ಮಾಡ್ತೀನಿ. ಇಸ್ಕೊಂಡ್ರೆ ಅವರು ಹೇಳಿದ್ದೆಲ್ಲ ಕೇಳ್ಬೇಕಾಗುತ್ತೆ."

ಒಂದು ದಿನ ನನಗೆ ರಜೆ, ಅವಳಿಗೆ ಕೆಲಸ. ಎದುರುಮನೆಯ ನಿವೃತ್ತ ಮೇಷ್ಟ್ರು ಪಿಟೀಲು ತಂದರು. ಇನ್ನುಮುಂದೆ ರಿಪೇರಿಗೆ ಶುಲ್ಕವುಂಟು ಎಂದು ಘೋಷಿಸಿದೆ. ಪುಣ್ಯಾತ್ಮರು ಚಕಾರವೆತ್ತದೆ ಕೊಟ್ಟರು. ಜೇಬಿಗೆ ಹಾಕಿಕೊಂಡು ತೆಪ್ಪಗಾದೆ.

ಸಂಜೆ ಅವಳು ಪಿಟೀಲನ್ನು ಮೆಲ್ಲಗೆ ಅಲ್ಲಾಡಿಸಿದಳು. ಒಳಗೆ ನೆಟ್ಟಗೆ ನಿಲ್ಲಬೇಕಾದ ಕಿರುಬೆರಳುದ್ದದ ಮರದ ಕಡ್ಡಿ ಬಿದ್ದುಹೋಗಿತ್ತು. ತಂತಿ ಸಡಿಲಿಸಿ, ಪಿಟೀಲಿನ ಮೈಮೇಲಿನ ಒಂದು ಸೀಳುಗಂಡಿಯ ಬಳಿ ಹಲ್ಲು ನೋಡುವ ಕನ್ನಡಿ ಹಿಡಿದು, ಇನ್ನೊಂದರಿಂದ ಬಾಗಿಸಿದ ಸರಿಗೆ ತೂರಿಸಿ ಕಡ್ಡಿಯನ್ನು ನಿಲ್ಲಿಸತೊಡಗಿದಳು. ಆರು ಸಲ ಬಿತ್ತು. ಮುಖ ಸಿಂಡರಿಸಲಿಲ್ಲ. ಏಳನೆಯ ಸಲ ನಿಂತಿತು. ತಂತಿ ಬಿಗಿದು ಕಮಾನು ಎಳೆದಾಗ ಹೊಮ್ಮಿದ ನಾದಕ್ಕೆ ನಾನು ತುತ್ತು ಬಾಯಿಗಿಡುವುದನ್ನೇ ಮರೆತೆ. ಆ ಕೈಗೆ ಎಷ್ಟು ಕೊಟ್ಟರೂ ಕಡಿಮೆಯೇ. (ಕೊಟ್ಟಿದ್ದು ನನ್ನ ಜೇಬಿನಲ್ಲಿತ್ತು, ಆ ಮಾತು ಬೇರೆ.)

ಖುಷಿಯಿಂದ ಒಯ್ದ ಮೇಷ್ಟ್ರು ಮರುದಿನವೇ ಹಾಜರಾದರು.

"ಎರಡನೇ ತಂತಿ ಯಾಕೋ ಮುನಿಸ್ಕೊಂಡ ಹಾಗಿದೆ. ಪುಕ್ಕಟೆ ಆಗಿದ್ರೆ ಸುಮ್ಮನಿರ್ತಿದ್ದೆ, ದುಡ್ಡು ಕೊಟ್ಟಿದ್ದೀನಲ್ಲ."

ಹೆಂಡತಿ ನನ್ನತ್ತ ಬೀರಿದ ನೋಟಕ್ಕೆ ಯಾವ ದಂತವೈದ್ಯರ ಬಳಿಯೂ ಅರಿವಳಿಕೆ ಇಲ್ಲ.

"ಇಸ್ಕೊಂಡೋರು ನೀವು. ದೂರೂ ನೀವೇ ಕೇಳಿ."

ಅಂದಿನಿಂದ ದಿನಾ ಸಂಜೆ ಮೇಷ್ಟ್ರು ನಮ್ಮನೆಗೆ ಬಂದು ನುಡಿಸಿದರು, ನಾನು ಕೇಳಿದೆ. ಪಿಟೀಲಿನಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಮೇಷ್ಟ್ರು ಅಕ್ಷರಶಃ ಪಿಟೀಲು ಕುಯ್ಯುತ್ತಿದ್ದರು. ವಾರ ಕಳೆಯುವಷ್ಟರಲ್ಲಿ ನನ್ನ ಕಿವಿ ಶರಣಾಯಿತು. ತಪ್ಪಾಯಿತೆಂದು ದುಡ್ಡನ್ನು ಮರಳಿ ಅವರ ಮುಂದೆ ಹಿಡಿದೆ.

ಅವರು ನನ್ನ ಬೆರಳುಗಳನ್ನು ಮಡಿಚಿದರು. "ಛೆ, ಬೇಡಿ. ಮನೇಲಿ ನಾನು ಕಮಾನು ಮುಟ್ಟಿದ್ರೆ ಎಲ್ಲರೂ ಎದ್ದು ಹೋಗ್ತಾರೆ. ಕೂತು ಕೇಳೋರು ನೀವೊಬ್ರೇ. ತಗೊಳ್ಳಿ, ಇದು ಒಂದು ವರ್ಷದ ಮುಂಗಡ." ಹೀಗೆಂದು ದಪ್ಪನೆಯ ಲಕೋಟೆ ಮುಂದಿಟ್ಟರು.

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಬಂದು ಲಕೋಟೆ ಎತ್ತಿಕೊಂಡಳು.

"ಇದಕ್ಕೆ ಇಸ್ಕೋಬಹುದು ಮೇಷ್ಟ್ರೇ. ರಿಪೇರೀಲಿ ನಾನು ಬರೀ ಹವ್ಯಾಸಿ. ಕೇಳೋದ್ರಲ್ಲಿ ನಮ್ಮನೆಯವರು ಪಳಗಿದ ಕಸುಬುದಾರರು."