ಭಾವನಿಗೆ ನಲವತ್ತೊಂದು ಮೇಲ್

ಅನಂತರಾಜು ತೆಪ್ಪಗಿರಬಹುದಿತ್ತು. ಮುನ್ನೂರು ಜನಕ್ಕೆ ಯಜಮಾನರ ಹೊಸ ಮನೆ ಗೃಹಪ್ರವೇಶಕ್ಕೆ ಕರೆಯುವ ಮೇಲ್ ಒಂದೊಂದಾಗಿ ಕಳಿಸಿದ್ದರೆ ಬೆರಳು ನೋಯುತ್ತಿತ್ತು, ಅಷ್ಟೇ. ಆದರೆ ಬಾಗಲಗುಂಟೆಯ ಬಿಲ್ಡರ್ ದೊಡ್ಡಮುನಿಯಪ್ಪನವರ ಆಫೀಸಿನಲ್ಲಿ ಮೂರು ವರ್ಷದಿಂದ ಟೆಂಪರರಿಯಾಗಿ ಕೊಳೆಯುತ್ತಿದ್ದವನಿಗೆ ಪರ್ಮನೆಂಟ್ ಆಗುವ ಆಸೆ. ಯಜಮಾನರ ಎದುರು ನಿಂತು, "ಸಾರ್, ಪ್ರೋಗ್ರಾಮ್ ಬರೀತೀನಿ. ಒಂದ್ ಸಲ ಒತ್ತಿದ್ರೆ ಎಲ್ರಿಗೂ ಹೋಗುತ್ತೆ" ಎಂದುಬಿಟ್ಟ.

"ಹತ್ತೂವರೆಗೆ ರಾಹುಕಾಲ, ಅಷ್ಟ್ರಲ್ಲಿ ಓಗ್ಬೇಕು. ಮೊದಲ್ನೇ ಎಸ್ರು ನಮ್ ಮುನಿರತ್ನ ಭಾವಂದು. ಆರು ವರ್ಷದಿಂದ ಮಾತು ಬಿಟ್ಟವ್ರೆ. ಎಚ್ಚುಕಮ್ಮಿ ಆಗ್ಬಾರ್ದು ನೋಡು" ಎಂದರು ಯಜಮಾನರು.

ಮೇಲ್ ಕಳಿಸುವುದಕ್ಕೆಂದೇ ಯಾರೋ ಪುಣ್ಯಾತ್ಮರು ಬರೆದಿಟ್ಟ ರೆಡಿಮೇಡ್ ಪ್ರೋಗ್ರಾಮ್, ಅದಕ್ಕೆ ಲೈಬ್ರರಿ ಅನ್ನುತ್ತಾರೆ, ಪುಕ್ಕಟೆ ಸಿಗುತ್ತದೆ. ಅದನ್ನು ತಂದು ಕೂರಿಸಿ, ತಾನೂ ನಾಲ್ಕು ಸಾಲು ಬರೆದು ಒತ್ತಿದ. ಇಪ್ಪತ್ತೈದು ಮೇಲ್ ಹೋಗಿ ನಿಂತಿತು; ಪುಕ್ಕಟೆ ಲೈಬ್ರರಿಗೆ ಒಂದು ಸಲಕ್ಕೆ ಅಷ್ಟೇ ಮಿತಿ. ಗಂಟೆ ಆಗಲೇ ಹತ್ತು.

ಲೆಕ್ಕ ಬರೆಯುವ ರಾಧಾಮಣಿ ಮೇಡಂ ಕುರ್ಚಿ ಎಳೆದುಕೊಂಡು ಬಂದರು. ಪ್ರೋಗ್ರಾಮಿನ ಗಂಧಗಾಳಿ ಇಲ್ಲದಿದ್ದರೂ ಸಲಹೆಗೆ ಬರವಿಲ್ಲ. "ಅಲ್ಲ ಕಣ್ರೀ, ನಿಂತ್ರೆ ಅದೇ ಮತ್ತೆ ಶುರು ಆಗೋ ಹಂಗೆ ಬರೀಬಾರ್ದಾ?"

ಬರೆದ. ನಿಂತಲ್ಲಿಂದ ಶುರುವಾಗಬೇಕು ಎಂದು ಬರೆಯುವುದನ್ನು ಮಾತ್ರ ಅವಸರದಲ್ಲಿ ಮರೆತ. ಪ್ರೋಗ್ರಾಮ್ ಇಪ್ಪತ್ತೈದಕ್ಕೆ ನಿಲ್ಲುವುದು, ಮತ್ತೆ ಮೊದಲ ಹೆಸರಿನಿಂದ ಹೊರಡುವುದು. ಇವನು ಟೀ ಕುಡಿದು ಬರುವಷ್ಟರಲ್ಲಿ ಭಾವನೂ ಸೇರಿ ಮೊದಲ ಇಪ್ಪತ್ತೈದು ಜನಕ್ಕೆ ತಲಾ ನಲವತ್ತೊಂದು ಮೇಲ್ ಹೋಗಿತ್ತು. ಉಳಿದ ಇನ್ನೂರ ಎಪ್ಪತ್ತೈದು ಜನಕ್ಕೆ ಒಂದೂ ಇಲ್ಲ.

"ನಾನ್ ಹೇಳಿದ್ದು ಹಂಗಲ್ಲಪ್ಪ" ಎಂದು ರಾಧಾಮಣಿ ಕುರ್ಚಿ ಸಮೇತ ವಾಪಸಾದರು.

ಮಧ್ಯಾಹ್ನ ಯಜಮಾನರು ಒಳಗೆ ಕರೆಸಿದರು.

"ಭಾವಂಗೆ ನಲವತ್ತೊಂದ್ ಸಲ ಓಗೈತಂತೆ. ಯಾರ್ ಮಾಡಿದ್ದು?"

"ನಾನಲ್ಲ ಸಾರ್, ದೇವರಾಣೆ. ಎಲ್ಲಾ ಆ ಲೈಬ್ರರಿದು. ಯಾರೋ ಬರೆದಿಟ್ಟಿದ್ದು. ಬಟನ್ ಒತ್ತಿದ್ದು ಬಿಟ್ರೆ ನಾನೇನೂ ಮಾಡಿಲ್ಲ."

"ಏನೂ ಮಾಡಿಲ್ವಾ?"

"ಒಂದಕ್ಷರಾನೂ ಮುಟ್ಟಿಲ್ಲ ಸಾರ್."

ಯಜಮಾನರು ಕಣ್ಣೊರೆಸಿಕೊಂಡರು. "ಭಾವ ಫೋನ್ ಮಾಡಿದ್ರು. 'ನಿನ್ ಮಗಳ ಮದ್ವೆಗೆ ಒಂದೇ ಸಲ ಕರ್ದೆ, ಅದಕ್ಕೇ ಬರ್ಲಿಲ್ಲ. ಈಗ ನಲವತ್ತೊಂದ್ ಸಲ ಕರ್ದಿದ್ದೀಯ, ಬರ್ದೇ ಇರಾಕಾಗುತ್ತಾ' ಅಂದ್ರು. ಆರು ವರ್ಷ ಆದ್ಮೇಲೆ ನಮ್ಮಕ್ಕ ಮನೆಗ್ ಬರ್ತವ್ಳೆ ಕಣೋ. ಇದ ಮಾಡ್ದೋನು ನೀನೇ ಅಂದ್ಕೊಂಡು ಪರ್ಮನೆಂಟ್ ಆರ್ಡರ್ ಟೈಪ್ ಮಾಡ್ಸಿದ್ದೆ."

ಅನಂತರಾಜು ಮೇಜಿನ ಮೇಲೆ ಬಗ್ಗಿದ. "ಸಾರ್, ಮತ್ತೆ ಶುರು ಆಗೋ ಹಂಗೆ ಬರ್ದಿದ್ದು ನಾನೇ..."

"ಸುಳ್ಳೇಳ್ಬೇಡ. ಈಗ್ತಾನೆ ದೇವ್ರ ಮೇಲೆ ಆಣೆ ಮಾಡ್ದೆ." ಯಜಮಾನರು ಆರ್ಡರನ್ನು ಎರಡಾಗಿ ಹರಿದರು. "ಬಟನ್ ಒತ್ತಾಕೆ ರಾಧಾಮಣಿ ಸಾಕು. ನೀನು ಈ ತಿಂಗ್ಳು ಮುಗಿಸ್ಕೊಂಡ್ ಒಂಟೋಗು. ಭಾನುವಾರ ಗೃಹಪ್ರವೇಶದ ಊಟಕ್ಕೆ ಮಾತ್ರ ತಪ್ಪಿಸ್ಬೇಡಪ್ಪ."